ದ್ವೀಪವಾಸದ ಖರ್ಚಿನ ಪುಟ

ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪವೆನ್ನುವರು ಎಂದು ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ್ದುಂಟು. ಹಾಗೆ ಬಾಯಿಪಾಠ ಮಾಡಿದವರೇ ಮುಂದೊಂದು ದಿನ ಹೊಟ್ಟೆಪಾಡಿಗಾಗಿ ಅಂಥದೇ ಒಂದು ಭೂಭಾಗವನ್ನು ಸೇರಿ, ಅಲ್ಲಿಯೇ ಸಂಸಾರ ಹೂಡಿ, ಹತ್ತಿಪ್ಪತ್ತು ವರ್ಷ ಕಳೆದರೂ ತಾವಿರುವುದು ದ್ವೀಪದಲ್ಲಿ ಎಂಬ ಮಾತನ್ನು ಮರೆತೇ ಬಿಡುತ್ತಾರೆ. ಜೋಗೇಶ್ವರಿಯ ನಾವು ನೀವೆಲ್ಲ ಅಂಥವರೇ. ಅಂಡಮಾನು ದ್ವೀಪ, ಸಿಂಗಪುರ ದ್ವೀಪ, ಮಾರಿಶಸ್ ದ್ವೀಪ. ಮುಂಬಯಿ ಮಾತ್ರ ಪೇಟೆ! ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕಾಲಿನ ಕೆಳಗೆ ಏನಿದೆಯೆಂದು ನೋಡುವುದಕ್ಕೆ ಯಾರಿಗೆ ತಾನೇ ಪುರಸೊತ್ತು?

ಆದರೆ ನಕಾಶೆಯನ್ನು ಬಿಡಿಸಿ ನೋಡಿರಿ. ಹಳೆಯ ಮುಂಬಯಿಯೆಂದರೆ ಕೊಲಾಬಾದಿಂದ ಮಾಹೀಮದವರೆಗಿನ ಏಳು ದ್ವೀಪಗಳು. ಅವುಗಳ ನಡುವಿನ ಸಮುದ್ರವನ್ನು ಹೂಳಿ ಒಂದು ಮಾಡಿದರು. ನಮ್ಮ ಜೋಗೇಶ್ವರಿ ಇರುವುದು ಅದರ ಉತ್ತರಕ್ಕಿರುವ ಸಾಷ್ಟಿ ದ್ವೀಪದಲ್ಲಿ. ಅರವತ್ತಾರು ಹಳ್ಳಿಗಳ ನಾಡೆಂಬುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ವಸಯಿ ಖಾಡಿ, ಪೂರ್ವಕ್ಕೆ ಠಾಣೆ ಖಾಡಿ. ಬಾಂದ್ರಾ ಮತ್ತು ಮಾಹೀಮಗಳ ನಡುವೆ ಕಾಲುನಡಿಗೆಯ ದಾರಿಯಾದದ್ದೇ 1845ರಲ್ಲಿ, ಆವಾಬಾಯಿ ಜಮ್ಸೆಟ್‌ಜೀ ಜೀಜೀಭಾಯಿಯವರು ಕೊಟ್ಟ ಹಣದಿಂದ. ಅದಕ್ಕೆ ಮುಂಚೆ ದೋಣಿಯೇ ಗತಿ. ಜೋಗೇಶ್ವರಿ ಮುಂಬಯಿ ನಗರಪಾಲಿಕೆಯ ಗಡಿಯೊಳಗೆ ಬಂದದ್ದು 1950ರಲ್ಲಿ. ಈಗ ಸೇತುವೆಗಳಿಗೆ ಲೆಕ್ಕವಿಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆಯೊಂದೇ ಸುಮಾರು 22 ಕಿಲೋಮೀಟರು ಉದ್ದವಿದೆ. ಆದರೂ ದ್ವೀಪವು ದ್ವೀಪವೇ. ಅದರ ಗಾಳಿ, ನೀರು, ನೆಲದ ಸ್ವಭಾವಗಳು ಸೇತುವೆ ಕಟ್ಟಿದೊಡನೆ ಬದಲಾಗುವುದಿಲ್ಲ.

ಈ ಪೀಠಿಕೆ ಏಕೆಂದರೆ, ಈ ಸಲ ಒಂದು ಲೆಕ್ಕವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ನಾನು ಸರಕಾರಿ ಕಚೇರಿಯಲ್ಲಿ ಕಾರಕೂನ. ಜಮೆ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆಯುವುದೇ ನನ್ನ ವೃತ್ತಿ. ಊರಿನವರು "ಮುಂಬಯಿ ಹೇಗೆ?" ಎಂದು ಕೇಳಿದಾಗ ನಾವು ಯಾವಾಗಲೂ ಜಮೆಯ ಪುಟವನ್ನೇ ಓದಿ ಹೇಳುತ್ತೇವೆ: ಸಂಬಳ, ಭತ್ಯ, ಮಕ್ಕಳ ಇಂಗ್ಲಿಷು, ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ, ರಾತ್ರಿ ಹನ್ನೆರಡಕ್ಕೂ ಸಿಕ್ಕುವ ಗಾಡಿ. ಇವೆಲ್ಲ ಸುಳ್ಳಲ್ಲ. ಆದರೆ ಖರ್ಚಿನ ಪುಟವನ್ನು ತೆರೆಯುವುದಿಲ್ಲ. ಈಗ ನನ್ನ ಚಿಕ್ಕಪ್ಪನ ಮಗನಿಗೆ ಮುಂಬಯಿಯ ಬ್ಯಾಂಕೊಂದರಲ್ಲಿ ಕೆಲಸವಾಗಿದೆ. ಊರಿನ ಮನೆಗೆ ಬೀಗ ಹಾಕಿ, ಹೆಂಡತಿಯನ್ನೂ ವಯಸ್ಸಾದ ತಾಯಿಯನ್ನೂ ಕರೆದುಕೊಂಡು ಬರಲೇ ಎಂದು ಅವನು ಕೇಳಿದ್ದಾನೆ. ಅವನಿಗೆ ಕೊಡಬೇಕಾದ ಉತ್ತರವು ನಮ್ಮಲ್ಲಿ ಹಲವರಿಗೂ ಬೇಕಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಹವೆಯ ಮಾತು. ಬಿಜಾಪುರ, ಗದಗಗಳ ಕಡೆಯಿಂದ ಬಂದ ಬಂಧುಗಳು ಇಲ್ಲಿಯ ಸೆಕೆಯನ್ನು ಬಯ್ಯುತ್ತಾರೆ. ಅವರ ಊರಿನಲ್ಲಿ ಬಿಸಿಲು ಇದಕ್ಕಿಂತ ಹೆಚ್ಚೇ. ಆದರೆ ಅಲ್ಲಿ ಬೆವರು ಆರುತ್ತದೆ, ಇಲ್ಲಿ ಆರುವುದಿಲ್ಲ. ಸಮುದ್ರದ ತೇವ ತುಂಬಿದ ಗಾಳಿ ಮೈಯ ತೇವವನ್ನು ಎಲ್ಲಿ ತಾನೇ ಹೀರಿಕೊಂಡೀತು? ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಬರುವ ಧಗೆಯಂತೂ ಮೇ ತಿಂಗಳನ್ನೇ ನಾಚಿಸುತ್ತದೆ. ನಮ್ಮಂಥ ಕರಾವಳಿಯವರಿಗೆ ಇದೆಲ್ಲ ಹೊಸದಲ್ಲವೆಂದು ನೀವು ಹೇಳಬಹುದು. ನಿಜ. ಮುಂಬಯಿಯಲ್ಲಿ ವರ್ಷಕ್ಕೆ ಬೀಳುವ ಎರಡು ಸಾವಿರ ಚಿಲ್ಲರೆ ಮಿಲಿಮೀಟರು ಮಳೆಗಿಂತ ನಮ್ಮ ಹೊನ್ನಾವರ, ಕುಮಟೆಗಳಲ್ಲಿ ಹೆಚ್ಚು ಮಳೆ ಬೀಳುತ್ತದೆ. ಆದರೆ ಅಲ್ಲಿ ಮಳೆಯನ್ನು ನೋಡುತ್ತ ಕುಳಿತುಕೊಳ್ಳಲು ಜಗಲಿಯುಂಟು, ಬಟ್ಟೆ ಒಣಗಿಸಲು ಅಟ್ಟವುಂಟು, ಬಚ್ಚಲ ಒಲೆಯ ಬೆಚ್ಚನೆಯ ಹೊಗೆಯುಂಟು. ಇಲ್ಲಿ ಒಂದು ಖೋಲಿ, ಒಂದು ಅಡಿಗೆಮನೆ. ಆಷಾಢ ಬಂತೆಂದರೆ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಬಟ್ಟೆ ಹರವಿ, ಅದರಡಿಯಲ್ಲಿ ಬಗ್ಗಿ ಓಡಾಡಬೇಕು. ಕಪಾಟಿನಲ್ಲಿಟ್ಟ ಧಾರೆಸೀರೆಗೆ ಮುಗ್ಗಲು ವಾಸನೆ, ಚರ್ಮದ ಚಪ್ಪಲಿಗೆ ಬೂಸ್ಟು, ಪುಸ್ತಕದ ಹಾಳೆಗೆ ಕಂದು ಚುಕ್ಕೆ, ಕಿಟಕಿಯ ಸರಳಿಗೆ ತುಕ್ಕು.

ಮಳೆಗಾಲದ ಇನ್ನೊಂದು ಸಂಗತಿ ಉಬ್ಬರ. ತಗ್ಗಿನ ದ್ವೀಪದ ಚರಂಡಿಗಳೆಲ್ಲ ಕೊನೆಗೆ ಸೇರಬೇಕಾದದ್ದು ಸಮುದ್ರವನ್ನೇ. ಮಳೆ ಜೋರಾಗಿ ಸುರಿಯುವ ಹೊತ್ತಿಗೇ ಸಮುದ್ರವೂ ಉಬ್ಬಿದರೆ ನೀರಿಗೆ ಹೊರದಾರಿಯಿಲ್ಲ, ತಿರುಗಿ ಬೀದಿಗೇ ಬರುತ್ತದೆ. ಆದುದರಿಂದಲೇ ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರ ಯಾವ ಯಾವ ದಿನ ಬರುವುದೆಂದು ಮಳೆಗಾಲಕ್ಕೆ ಮುಂಚೆಯೇ ಇಲ್ಲಿ ಪ್ರಕಟಿಸುತ್ತಾರೆ. ಊರಿನಲ್ಲಿ ಪಂಚಾಂಗ ನೋಡಿ ಶುಭಕಾರ್ಯ ಇಟ್ಟುಕೊಂಡರೆ ಇಲ್ಲಿ ಉಬ್ಬರದ ಪಟ್ಟಿ ನೋಡಿ ಪೇಟೆಗೆ ಹೋಗಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರು ಮಳೆ ಬಿದ್ದಿತು. ನಾನಾಗ ಊರಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಇಲ್ಲಿಯ ಹಿರಿಯರು ಇಂದಿಗೂ ಆ ದಿನದ ಮಾತು ಬಂದರೆ ಧ್ವನಿ ತಗ್ಗಿಸುತ್ತಾರೆ. ಆ ಮೇಲೆ ನೀರೆತ್ತುವ ಪಂಪುಕೇಂದ್ರಗಳು ಬಂದಿವೆ. ಆದರೂ ಪಕ್ಕದ ಅಂಧೇರಿಯ ಸಬ್‌ವೇ ಪ್ರತಿ ಮಳೆಗಾಲದಲ್ಲಿ ತುಂಬುವುದು ತಪ್ಪಿಲ್ಲ.

ಇಷ್ಟು ನೀರಿದ್ದರೂ ಕುಡಿಯುವ ನೀರಿಗೆ ತತ್ವಾರ. ಇದು ದ್ವೀಪಗಳ ಹಣೆಯಲ್ಲೇ ಬರೆದದ್ದೋ ಏನೋ. ಸಿಂಗಪುರದಂಥ ಶ್ರೀಮಂತ ದ್ವೀಪವೂ 1962ರ ಒಪ್ಪಂದದಂತೆ ಮಲೇಶಿಯದ ಜೋಹೋರಿನಿಂದ ಇಂದಿಗೂ ನೀರು ತರಿಸಿಕೊಳ್ಳುತ್ತದೆ. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳಲ್ಲಿ ವಿಹಾರ ಮತ್ತು ತುಳಸಿ ಎಂಬ ಎರಡು ಮಾತ್ರ ನಮ್ಮ ಸಾಷ್ಟಿಯಲ್ಲಿವೆ. ವಿಹಾರವು 1860ರ ಕಾಲದ್ದು. ಆದರೆ ಇವೆರಡೂ ಕೂಡಿ ಕೊಡುವುದು ನೂರಕ್ಕೆ ಐದು ಪಾಲು ಕೂಡ ಅಲ್ಲ. ಸುಮಾರು ಅರ್ಧದಷ್ಟು ನೀರು ಠಾಣೆ ಜಿಲ್ಲೆಯ ಭಾತ್ಸಾದಿಂದ, ಉಳಿದದ್ದು ತಾನ್ಸಾ, ವೈತರಣಾಗಳಿಂದ ಕೊಳವೆಯಲ್ಲಿ ಬರಬೇಕು. ಜೂನ್ ತಿಂಗಳಲ್ಲಿ ಮಳೆ ಒಂದೆರಡು ವಾರ ತಡವಾದರೆ ನಳದ ಧಾರೆ ಸಣ್ಣದಾಗುತ್ತದೆ. ಮನೆಯ ಹಿತ್ತಿಲಿನ ಬಾವಿಯಿಂದ ಬೇಕಾದಷ್ಟು ಸೇದಿ ಮಿಂದವರು ಇಲ್ಲಿ ಎರಡು ತಾಸಿನ ನಳಕ್ಕಾಗಿ ನಸುಕಿನಲ್ಲೇ ಏಳಬೇಕು.

ಇವು ಇಲ್ಲಿಯ ಎಲ್ಲರಿಗೂ ಬರುವ ಕಷ್ಟಗಳು. ಮರಾಠಿಗರಿಗೂ, ಗುಜರಾತಿಗಳಿಗೂ, ನಮಗೂ ಬೇಧವಿಲ್ಲ. ಪರವೂರಿನವನಿಗೆ ಇವುಗಳ ಮೇಲೆ ಇನ್ನೆರಡು ಉಂಟು.

ಒಂದನೆಯದು ನೆಲೆ. ಸ್ವಂತ ಮನೆ ಮಾಡಿಕೊಳ್ಳಲಾಗದವನು 11 ತಿಂಗಳ ಕರಾರಿನ ಮನೆಯಲ್ಲಿರಬೇಕು. ಯುಗಾದಿಯಿಂದ ಯುಗಾದಿಗೆ ಎಲ್ಲರಿಗೂ ವರ್ಷವಾದರೆ ಬಾಡಿಗೆಯವನ ವರ್ಷ 11 ತಿಂಗಳಿಗೇ ಮುಗಿಯಿತು. ಕರಾರು ಮುಗಿದೊಡನೆ ಬಾಡಿಗೆ ಏರುತ್ತದೆ, ಇಲ್ಲವೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ನಾನು ಜೋಗೇಶ್ವರಿಯಲ್ಲಿಯೇ ನಾಲ್ಕು ಮನೆ ಬದಲಿಸಿದ್ದೇನೆ. ನೆರೆಹೊರೆಯ ಪರಿಚಯ ಗಟ್ಟಿಯಾಗುವ ಹೊತ್ತಿಗೆ ಟೆಂಪೋ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ದೂರವೂ ಇದಕ್ಕೆ ಕೂಡುತ್ತದೆ. 1998ರಲ್ಲಿ ಕೊಂಕಣ ರೇಲ್ವೆ ಪೂರ್ತಿಯಾಗಿ ತೆರೆದು ಊರು ಹತ್ತಿರವಾದದ್ದು ನಮ್ಮ ಪುಣ್ಯ. ಆದರೆ ಮಳೆಗಾಲದಲ್ಲಿ ಆ ದಾರಿಯ ಗಾಡಿಗಳು ನಿಧಾನವಾಗಿಯೇ ಹೋಗಬೇಕು. ಎಲ್ಲಿಯಾದರೂ ಗುಡ್ಡ ಕುಸಿದರೆ ಅದೂ ಇಲ್ಲ. ಚೌತಿಗೆ ಹೋಗಬೇಕೆಂದರೆ ಟಿಕೇಟು ತೆರೆದ ದಿನವೇ ಮುಗಿದಿರುತ್ತದೆ. ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂಬ ಸುದ್ದಿ ಈಗ ಮೊಬೈಲಿನಲ್ಲಿ ಕ್ಷಣದಲ್ಲಿ ತಲುಪುತ್ತದೆ. ನಾವು ತಲುಪುವುದು ಮಾತ್ರ ಮರುದಿನ, ಬೂದಿ ಆರಿದ ಮೇಲೆ.

ಎರಡನೆಯದು ಮಾತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ಕೆಲವು ವರ್ಷ ಕಚೇರಿಗಳಲ್ಲಿದ್ದ ದಕ್ಷಿಣದವರ ವಿರುದ್ಧ ಇಲ್ಲಿ ದೊಡ್ಡ ಕೂಗೆದ್ದಿತು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. 1969ರ ಫೆಬ್ರವರಿಯಲ್ಲಿ ಬೆಳಗಾವಿಯ ಗಡಿ ಪ್ರಶ್ನೆಯ ಸಲುವಾಗಿ ಮುಂಬಯಿಯಲ್ಲಿ ಗಲಭೆಯಾಯಿತು. ಅಂದಿನ ಹಿರಿಯರು ಲೋಕಲ್ ಗಾಡಿಯಲ್ಲಿ ಕನ್ನಡದಲ್ಲಿ ಮಾತಾಡಲು ಹಿಂದೆಮುಂದೆ ನೋಡುತ್ತಿದ್ದರಂತೆ. ಇಂದು ಆ ದಿನಗಳಿಲ್ಲ. ಆದರೂ ಗಡಿಯ ಮಾತು ಪತ್ರಿಕೆಯಲ್ಲಿ ಬಂದ ದಿನ ಕಚೇರಿಯಲ್ಲಿ ಯಾರಾದರೂ ನಗುತ್ತಲೇ "ತುಮ್ಚೆ ಕರ್ನಾಟಕವಾಲೆ" ಎಂದು ಒಂದು ಮಾತು ಚುಚ್ಚಿದರೆ ಚಹಾ ಗಂಟಲಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಆಗ ನನಗೆ ಕಾನ್ಹೇರಿಯ ನೆನಪಾಗುತ್ತದೆ. ನಮ್ಮ ಜೋಗೇಶ್ವರಿಯ ಈಶಾನ್ಯಕ್ಕೆ, ಇದೇ ಸಾಷ್ಟಿ ದ್ವೀಪದ ಕಾಡಿನೊಳಗಿರುವ ಆ ಬೌದ್ಧ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ. ಅವು ಇಲ್ಲಿ ಆಳುತ್ತಿದ್ದ ಶಿಲಾಹಾರರು ಚಕ್ರವರ್ತಿಯೆಂದು ಹೆಸರಿಸುವುದು ಮಾನ್ಯಖೇಟದ ಅಮೋಘವರ್ಷನನ್ನು, ಕವಿರಾಜಮಾರ್ಗವು ಹುಟ್ಟಿದ ಆಸ್ಥಾನದ ದೊರೆಯನ್ನು. ಇದನ್ನು ಹೇಳಿದ್ದು ದ್ವೀಪ ನಮ್ಮದೆಂದು ಜಂಬ ಕೊಚ್ಚುವುದಕ್ಕಲ್ಲ. ದ್ವೀಪದ ನಿಜವಾದ ಮನೆಯವರು ಕೋಳಿಗಳು, ಆಗ್ರಿಗಳು. ಅವರ ಕೋಳಿವಾಡೆಗಳೇ ಇಂದು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿವೆ. ಉಳಿದವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಬಂದವರೇ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಖರ್ಚನ್ನೆಲ್ಲ ಕೊಡುವವರು ಯಾರು? ದುಡಿಯುವವನು ಎಂದು ನಾವು ಭಾವಿಸಿದ್ದೇವೆ. ನನ್ನ ಅನುಭವ ಬೇರೆ. ದುಡಿಯುವವನು ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ತಿರುಗಿ ಬರುತ್ತಾನೆ. ಗಾಡಿಯಲ್ಲಿ ಅವನಿಗೆ ದಿನವೂ ಜೊತೆಯಾಗುವ ಗುಂಪೊಂದಿದೆ. ಕಚೇರಿಯಲ್ಲಿ ಗೆಳೆಯರಿದ್ದಾರೆ, ಕ್ಯಾಂಟೀನಿದೆ, ಬೈದುಕೊಳ್ಳಲು ಒಬ್ಬ ಸಾಹೇಬನಾದರೂ ಇದ್ದಾನೆ. ತಿಂಗಳ ಕೊನೆಗೆ ಸಂಬಳವೂ ಬರುತ್ತದೆ. ದ್ವೀಪವನ್ನು ಪೂರ್ತಿಯಾಗಿ ಅನುಭವಿಸುವವರು ಆ 12 ತಾಸುಗಳನ್ನು ಖೋಲಿಯಲ್ಲಿ ಕಳೆಯುವವರು. ಇಲ್ಲಿಗೆ ಬರಬೇಕೆಂದು ಅವರು ಅರ್ಜಿ ಹಾಕಿದವರಲ್ಲ.

ಎರಡು ವರ್ಷದ ಹಿಂದಿನ ಜುಲೈ ತಿಂಗಳಲ್ಲಿ ಒಂದು ಸಂಜೆ ಹಳಿಯ ಮೇಲೆ ನೀರು ನಿಂತು ಗಾಡಿ ಬಾಂದ್ರಾದಲ್ಲಿಯೇ ನಿಂತಿತು. ನಾನು ಸಾವಿರಾರು ಜನರೊಂದಿಗೆ ಸ್ವಾಮಿ ವಿವೇಕಾನಂದ ರಸ್ತೆ ಹಿಡಿದು ನಡೆದೆ. ದಾರಿಯಲ್ಲಿ ಪುಣ್ಯಾತ್ಮರು ಚಹಾ, ಬಿಸ್ಕೀಟು ಹಂಚುತ್ತಿದ್ದರು. ಒಬ್ಬರಿಗೊಬ್ಬರು ಕೈಹಿಡಿದು ಗುಂಡಿ ದಾಟಿಸುತ್ತಿದ್ದರು. ತಮಾಷೆಯ ಮಾತೂ ನಡೆದಿತ್ತು. ಮಧ್ಯರಾತ್ರಿ ದಾಟಿ ಒಂದು ಗಂಟೆಗೆ ಮನೆ ಮುಟ್ಟಿದೆ. ಅಲ್ಲಿ ದೀಪವಿಲ್ಲ. ಮೊಬೈಲುಗಳೆಲ್ಲ ಸತ್ತಿದ್ದವು. ನನ್ನ ಹೆಂಡತಿ, ನನ್ನ ತಾಯಿ, ಆರು ವರ್ಷದ ಮಗಳು ಮೂವರೂ ಮೇಣದ ಬತ್ತಿಯ ಮುಂದೆ ಏಳು ತಾಸಿನಿಂದ ಕುಳಿತಿದ್ದರು. ಕಾಲು ನೊಂದದ್ದು ನನಗೆ ನಿಜ. ಆದರೆ ಆ ರಾತ್ರಿಯ ಭಾರ ಹೊತ್ತವರು ಅವರು ಮೂವರು.

ಆ ವರ್ಷವೇ ತಂದೆಯವರು ತೀರಿಕೊಂಡ ಮೇಲೆ ಆಯಿಯನ್ನು ಇಲ್ಲಿಗೆ ಕರೆತಂದಿದ್ದೆವು. ಮೂರನೆಯ ಮಾಳಿಗೆ, ಲಿಫ್ಟು ಇಲ್ಲ. ಆಯಿಗೆ ಮೊಣಕಾಲು ನೋವು. ವೈಶಾಖದಲ್ಲಿ ಬಂದವಳು ಮೆಟ್ಟಿಲಿಳಿದದ್ದು ಬೆರಳೆಣಿಕೆಯಷ್ಟು ಸಲ. ಊರಿನಲ್ಲಿ ಬೆಳಗಾದರೆ ಅಂಗಳ, ತುಳಸಿಕಟ್ಟೆ, ಕೊಟ್ಟಿಗೆ, ಹಿತ್ತಿಲ ಮಲ್ಲಿಗೆ ಎಂದು ಸುತ್ತುತ್ತಿದ್ದವಳು ಇಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಹೋಗುತ್ತಿದ್ದಳು. ಡಬ್ಬಿಯಲ್ಲಿ ನೆಟ್ಟ ತುಳಸಿ ಆ ಮಳೆಯ ಮಬ್ಬಿಗೆ ಕೊಳೆತುಹೋಯಿತು. ಒಂದು ದಿನ ಕೇಳಿದಳು: "ತಮಾ, ಇಲ್ಲಿ ಕಾಲಿಡಲೆ ನೆಲ ಎಲ್ಲಿದ್ದು?" ನಾನು ಕೆಳಗಿರುವ ಹಾಸುಕಲ್ಲನ್ನು ತೋರಿಸಲಿಲ್ಲ. ಅವಳು ಕೇಳಿದ ನೆಲ ಅದಾಗಿರಲಿಲ್ಲ.

ಎದುರು ಮನೆಯ ಮರಾಠಿ ಹೆಂಗಸು ಮಾತ್ರ ದಿನವೂ ಮಧ್ಯಾಹ್ನ ಬಂದು ಕುಳಿತುಕೊಳ್ಳುತ್ತಿದ್ದರು. ಅವರ ಭಾಷೆಯಲ್ಲಿಯೂ ತಾಯಿಗೆ ಆಯಿಯೆಂದೇ ಹೆಸರು. ಇವಳಿಗೆ ಅವರ ಮಾತು ಅರ್ಧ ತಿಳಿಯುತ್ತಿತ್ತು, ಅವರಿಗೆ ಇವಳದು ಕಾಲುಭಾಗ. ಆದರೂ ಒಂದು ಬಟ್ಟಲು ಆಮ್ಟಿ ಈಚೆಗೆ ಬಂದರೆ ಒಂದು ಬಟ್ಟಲು ತಂಬುಳಿ ಆಚೆಗೆ ಹೋಗುತ್ತಿತ್ತು. ಕರಾರು ಮುಗಿದು ನಾವು ಮನೆ ಬದಲಿಸಿದೊಡನೆ ಅದೂ ನಿಂತಿತು. ಭಾದ್ರಪದದಲ್ಲಿ ಆಯಿ ಊರಿಗೆ ಹೊರಟುಬಿಟ್ಟಳು. ಈಗ ಆ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನೆರೆಮನೆಯ ಸೊಸೆ ರಾತ್ರಿ ಬಂದು ಮಲಗುತ್ತಾಳೆ. ದಿನವೂ ಫೋನು ಮಾಡುತ್ತೇವೆ. "ನಾ ಆರಾಮಿದ್ದಿ" ಎನ್ನುತ್ತಾಳೆ. ಹೌದೋ ಅಲ್ಲವೋ, ಇಲ್ಲಿಂದ ತಿಳಿಯುವ ಬಗೆ ಹೇಗೆ?

ನನ್ನ ಮನೆಯವಳ ಲೆಕ್ಕವೂ ಉಂಟು. ಮದುವೆಯಾಗಿ ಬಂದ ಮೊದಲ ವರ್ಷ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುವ ಹುಮ್ಮಸ್ಸಿತ್ತು. ಹಲಸಿನಕಾಯಿ ಸ್ಟೇಶನ್ನಿನ ಪೇಟೆಯಲ್ಲಿ ಸಿಕ್ಕಿತು. ಒಣಗಿಸುವ ಬಿಸಿಲು ಸಿಕ್ಕಲಿಲ್ಲ. ಟೆರೇಸಿಗೆ ಬೀಗ, ಬೀಗದ ಕೈ ಕಟ್ಟಡದ ಕಾರ್ಯದರ್ಶಿಯವರ ಹತ್ತಿರ, ಬಾಡಿಗೆಯವರಿಗೆ ಕೊಡುವ ವಾಡಿಕೆಯಿಲ್ಲ. ಹಪ್ಪಳವೇನು, ಅಂಗಡಿಯಲ್ಲಿ ಸಿಗುತ್ತದೆ. ಆದರೆ ಹಪ್ಪಳ ಮಾಡುವಾಗ ಕೂಡುತ್ತಿದ್ದ ಐದಾರು ಹೆಂಗಸರು, ಅವರ ಹರಟೆ, ಆ ನಗು ಅಂಗಡಿಯಲ್ಲಿ ಸಿಗುವುದಿಲ್ಲ. ಮಗಳ ಮಾತು ಹೇಳುವುದಾದರೆ, ಅವಳಿಗೆ ದ್ವೀಪವೇ ಊರು. ಮರಾಠಿ, ಹಿಂದಿ, ಇಂಗ್ಲಿಷು ಮೂರೂ ಸರಾಗ. ಅಜ್ಜಿಯೊಡನೆ ಫೋನಿನಲ್ಲಿ ಮಾತಾಡುವಾಗ ಮಾತ್ರ ತಡವರಿಸುತ್ತಾಳೆ. ಒಂದು ಕಾಲಕ್ಕೆ ಮುಂಬಯಿಯಲ್ಲಿ ನಗರಪಾಲಿಕೆಯ ಕನ್ನಡ ಶಾಲೆಗಳು, ಹೋಟೆಲು ಹುಡುಗರಿಗೆಂದೇ ನಡೆದ ಕನ್ನಡ ರಾತ್ರಿಶಾಲೆಗಳು ಎಷ್ಟೋ ಇದ್ದವು. ಮಕ್ಕಳಿಲ್ಲದೆ ಅವು ಕಡಿಮೆಯಾಗುತ್ತ ಬಂದಿವೆ. ಇದರಲ್ಲಿ ಯಾರನ್ನು ದೂರೋಣ? ಮಕ್ಕಳನ್ನು ಅಲ್ಲಿಗೆ ಕಳಿಸದವರು ನಾವೇ ತಾನೇ?

ಹಾಗಾದರೆ ತಮ್ಮನಿಗೆ ಏನು ಹೇಳಲಿ? ಬರಬೇಡವೆಂದು ಹೇಳುವುದು ಸರಿಯಲ್ಲ. ಅನ್ನ ಕೊಡುವ ಊರು ಇದು, ಈ ಊರಿನ ಅನ್ನವುಂಡವನು ನಾನು. ಬಾ, ಆದರೆ ಖರ್ಚನ್ನು ಮನೆಯಲ್ಲಿರುವವರ ಕಡೆಯಿಂದ ಎಣಿಸಿ ಬಾ ಎಂದು ಹೇಳುತ್ತೇನೆ. ಮೊದಲನೆಯ ವರ್ಷ ಊರಿನ ಮನೆಗೆ ಬೀಗ ಹಾಕಬೇಡ. ತಾಯಿಯನ್ನು ಮೊದಲ ಸಲ ಕರೆತರುವುದಾದರೆ ಕಾರ್ತಿಕ ಕಳೆದ ಮೇಲೆ ಕರೆತಾ. ಆಗ ಹವೆ ಹಿತವಾಗಿರುತ್ತದೆ, ರಸ್ತೆಯಲ್ಲಿ ನೀರಿರುವುದಿಲ್ಲ. ಒಂದೆರಡು ತಿಂಗಳು ಇದ್ದು ನೋಡಲಿ, ಉಳಿಯುವುದೋ ಹೋಗುವುದೋ ಅವರೇ ಹೇಳಲಿ. ಮನೆ ಹುಡುಕುವಾಗ ಸ್ಟೇಶನ್ನಿಗೆ ಎಷ್ಟು ಹತ್ತಿರ ಎಂದು ಕೇಳುವುದಕ್ಕೆ ಮುಂಚೆ, ಹಗಲು ಹೊತ್ತಿನಲ್ಲಿ ಕಾಲಿಡುವ ನೆಲ, ಕುಳಿತುಕೊಳ್ಳುವ ಕಟ್ಟೆ, ಹೋಗಿಬರುವ ಗುಡಿ ಹತ್ತಿರದಲ್ಲಿದೆಯೇ ಎಂದು ನೋಡು. ಸಾಧ್ಯವಾದರೆ ಕೆಳಗಿನ ಮಾಳಿಗೆ, ಆದರೆ ನೀರು ನುಗ್ಗುವ ಬೀದಿಯಲ್ಲ. ಇದನ್ನು ದಲ್ಲಾಳಿಯನ್ನು ಕೇಳಬೇಡ, ಮೂಲೆಯ ಕಿರಾಣಿ ಅಂಗಡಿಯವನನ್ನು ಕೇಳು. ನೀನೂ ನಿನ್ನ ಹೆಂಡತಿಯೂ ಮರಾಠಿ ಕಲಿಯಿರಿ. ಹೆದರಿಕೆಗಾಗಿ ಅಲ್ಲ, ಮಧ್ಯಾಹ್ನ ಬಂದು ಕುಳಿತ ನೆರೆಯವಳೊಡನೆ ಪೂರ್ತಿ ಮಾತಾಡುವುದಕ್ಕಾಗಿ. ಮನೆಯೊಳಗೆ ಮಾತ್ರ ಕನ್ನಡವನ್ನು ಬಿಡಬೇಡಿರಿ.

ಸಂಘದ ಬಂಧುಗಳಲ್ಲಿಯೂ ಒಂದು ವಿನಂತಿ. ನಾವು ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತೇವೆ, ನಾಟಕವಾಡುತ್ತೇವೆ, ಒಳ್ಳೆಯ ಊಟ ಹಾಕುತ್ತೇವೆ. ಎಲ್ಲವೂ ರವಿವಾರ, ಎಲ್ಲವೂ ದುಡಿಯುವವರ ಅನುಕೂಲಕ್ಕೆ. ವಾರದ ನಡುವಿನ ಮಧ್ಯಾಹ್ನಗಳಲ್ಲಿ ನಮ್ಮ ಸದಸ್ಯರ ಮನೆಗಳಲ್ಲಿ ಎಷ್ಟು ಮಂದಿ ತಾಯಂದಿರು, ಅತ್ತೆಯಂದಿರು, ಹೊಸ ಸೊಸೆಯರು ಒಬ್ಬರೇ ಕುಳಿತಿದ್ದಾರೆಂದು ನಮ್ಮ ಯಾವ ವಹಿಯಲ್ಲಿಯೂ ಇಲ್ಲ. ಅದೊಂದು ಪಟ್ಟಿ ಮಾಡೋಣ. ಯಾವ ಕಟ್ಟಡ, ಯಾವ ಮಾಳಿಗೆ, ಹತ್ತಿರದಲ್ಲಿ ಕನ್ನಡದವರು ಯಾರು, ಮಳೆಯ ದಿನ ಯಾರ ಮನೆಯ ಬಾಗಿಲು ತಟ್ಟಬಹುದು, ಇಷ್ಟು ಬರೆದಿಟ್ಟರೆ ಸಾಕು. ಗುರುವಾರವೋ ಶುಕ್ರವಾರವೋ ಮಧ್ಯಾಹ್ನ ಎರಡು ತಾಸು ಒಂದು ಮನೆಯಲ್ಲಿ ನಾಲ್ಕು ಮಂದಿ ಕೂಡಿದರೆ ಅದಕ್ಕೆ ಸಭಾಗೃಹದ ಬಾಡಿಗೆ ಕೊಡಬೇಕಿಲ್ಲ, ಹಾರ ತುರಾಯಿ ಬೇಕಿಲ್ಲ. ಪಟ್ಟಿ ಬರೆಯುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ, ಬರೆದು ಬರೆದು ಅಭ್ಯಾಸವಾದ ಕೈ. ಈ ಸಂಚಿಕೆ ತಲುಪಿದವರು ತಮ್ಮ ಮನೆಯ ವಿವರವನ್ನು ಮುಂದಿನ ಸಭೆಗೆ ಬರುವಾಗ ಒಂದು ಚೀಟಿಯಲ್ಲಿ ಬರೆದು ತರಬೇಕೆಂದು ಕೇಳಿಕೊಳ್ಳುತ್ತೇನೆ. ಚೀಟಿಯನ್ನು ಮನೆಯಲ್ಲಿರುವವರೇ ಬರೆದರೆ ಇನ್ನೂ ಒಳ್ಳೆಯದು.